ಎರಡೂವರೆ ಅಡಿ ಅಗಲ, ಅರವತ್ತು ಅಡಿ ಉದ್ದ

ಬೆಂಗಳೂರಿನಲ್ಲಿ ನ್ಯಾರೋಗೇಜ್, ಅಂದರೆ ಕಿರಿದಾದ ಹಳಿಯ ರೈಲು, ಎಂಬ ಮಾತೆತ್ತಿದರೆ ಹೆಚ್ಚಿನವರು ಕಬ್ಬನ್ ಪಾರ್ಕಿನ ಪುಟಾಣಿ ರೈಲನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಯಲಹಂಕದಿಂದ ಚಿಂತಾಮಣಿಯ ಅಜ್ಜಿ ಮನೆಗೆ ಹೋಗುತ್ತಿದ್ದ ಸಣ್ಣ ಗಾಡಿ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ, ಬೆಂಗಳೂರಿನ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಬಂದ ಈ ಎರಡು ಮಾರ್ಗಗಳು ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೇಲೆ ಹಾದು ಒಂದಾದವು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಈಗ ಆ ದಾರಿಯುದ್ದಕ್ಕೂ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಇದೆ. ಚಿಕ್ಕಬಳ್ಳಾಪುರ ಮತ್ತು ಕೋಲಾರದ ನಡುವಿನ ಭಾಗ ಹಾಗೆ ಬದಲಾದದ್ದು 2013ರಲ್ಲಿ.

ಕಾರ್ಖಾನೆಯೊಂದರಲ್ಲಿ ನಕ್ಷೆಗಾರನಾಗಿದ್ದು ನಿವೃತ್ತನಾದ ಮೇಲೆ, ಇದೇ ಹುಚ್ಚಿನ ಇನ್ನೂ ಆರು ಮಂದಿಯೊಡನೆ ಭಾನುವಾರಗಳಂದು ಈ ದಾರಿಯ ಊರುಗಳಿಗೆ ಹೋಗತೊಡಗಿದೆ. ನಮ್ಮ ಮೊದಲ ಆಸೆ ರೈಲನ್ನೇ ಮತ್ತೆ ಓಡಿಸುವುದಾಗಿತ್ತು. ವೇಲ್ಸ್ ದೇಶದ ಟಾಲಿಲಿನ್ ರೈಲುಮಾರ್ಗವನ್ನು 1951ರಲ್ಲಿ ಸ್ವಯಂಸೇವಕರೇ ವಹಿಸಿಕೊಂಡು ನಡೆಸಿದರೆಂಬುದು ನಮ್ಮ ತಲೆಯಲ್ಲಿ ಕುಳಿತಿತ್ತು. ಆದರೆ ಅವರ ಹಳಿ ಎಷ್ಟೇ ಸವೆದಿದ್ದರೂ ನೆಲದ ಮೇಲೆ ಇತ್ತು, ಎಂಜಿನ್ ಇತ್ತು, ಗಾಡಿ ಒಂದು ವರ್ಷವೂ ನಿಂತಿರಲಿಲ್ಲ. ನಮ್ಮಲ್ಲಿ ಹಳಿ ಹೋಗಿ ಅದರ ಜಾಗದಲ್ಲಿ ಬೇರೆಯದು ಬಂದಿದೆ. ಇಷ್ಟು ಸರಳವಾದ ವ್ಯತ್ಯಾಸ ನಮಗೆ ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು.

ಬಳಿಕ ಹಳೆಯ ವಸ್ತುಗಳನ್ನು ಕೂಡಿಹಾಕಲು ಹೊರಟದ್ದು ಎರಡನೆಯ ತಪ್ಪು. ಈ ಭಾಗದ ಹಳ್ಳಿಗಳಲ್ಲಿ ಹಳೆಯ ಹಳಿಯ ತುಂಡು ದನದ ಕೊಟ್ಟಿಗೆಯ ಕಂಬವಾಗಿಯೋ ಚಪ್ಪರದ ತೊಲೆಯಾಗಿಯೋ ಇರುವುದನ್ನು ನೋಡಿದ್ದೇವೆ. ಅದರತ್ತ ಬೆರಳು ತೋರಿಸಿದ ಕೂಡಲೇ ಮನೆಯವರ ಮುಖ ಬಿಗಿಯುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ರೈಲ್ವೆಯ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯೇ ಇದೆ. ಕ್ಯಾಮೆರಾ, ಅಳತೆ ಟೇಪು ಹಿಡಿದು ಬಂದ ಏಳು ಮಂದಿಯನ್ನು ಅವರು ಪೊಲೀಸರ ಕಡೆಯವರೆಂದು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಿಡ್ಲಘಟ್ಟದ ಆಚೆಯ ಹಳ್ಳಿಯೊಂದರ ಅಜ್ಜಿಯಂತೂ, ನಾವು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಟ್ರಂಕಿನಿಂದ ಹರಾಜಿನ ರಸೀದಿ ತಂದು, "ನಮ್ ಯಜಮಾನ್ರು ದುಡ್ಡು ಕೊಟ್ಟೇ ತಂದಿದ್ದು, ನೋಡ್ಕಳಿ ಸ್ವಾಮಿ" ಎಂದು ಮುಂದೆ ಹಿಡಿದರು. ಅಂದಿನಿಂದ ವಸ್ತು ಕೇಳುವುದನ್ನು ಬಿಟ್ಟೆವು. ಹಳಿಯ ನಡುಭಾಗದಲ್ಲಿ ತಯಾರಕರ ಹೆಸರು ಮತ್ತು ವರ್ಷ ಉಬ್ಬಕ್ಷರದಲ್ಲಿ ಮೂಡಿರುತ್ತದೆ. ಒಪ್ಪಿದವರ ಮನೆಯಲ್ಲಿ ಮಾತ್ರ, ಕಂಬದ ಮೇಲಿನ ಸುಣ್ಣವನ್ನು ಮೆಲ್ಲಗೆ ಒರೆಸಿ, ತೆಳು ಹಾಳೆ ಒತ್ತಿಟ್ಟು ಪೆನ್ಸಿಲಿನಿಂದ ಉಜ್ಜಿ ಆ ಅಕ್ಷರಗಳನ್ನು ಇಳಿಸಿಕೊಂಡೆವು. ಕಂಬ ಅಲ್ಲೇ ಉಳಿಯಿತು, ಕಾಗದ ನಮ್ಮೊಡನೆ ಬಂತು. ಹಾಳೆಗಳು ಹೆಚ್ಚಿದಂತೆ ಜನರೂ ಮಾತನಾಡತೊಡಗಿದರು. ಹೀಗೇ ಒಬ್ಬರು, ಈ ಮಾರ್ಗದಲ್ಲಿ ಹಳಿ ದುರಸ್ತಿ ಮಾಡುವ ಗ್ಯಾಂಗ್‌ಮ್ಯಾನ್ ಆಗಿದ್ದ ತಮ್ಮ ಚಿಕ್ಕಪ್ಪನ ಮನೆಗೆ ನಮ್ಮನ್ನು ಕರೆದೊಯ್ದರು.

ಆ ಹಿರಿಯರು ಸಿಗದಿದ್ದರೆ ಮುಂದಿನ ಕೆಲಸ ಆಗುತ್ತಲೇ ಇರಲಿಲ್ಲ. ಆ ಊರಿನ ಸರ್ಕಾರಿ ಶಾಲೆಯ ಅಂಗಳದ ಅಂಚಿನಲ್ಲಿ, ಶಾಲೆಯವರ ಒಪ್ಪಿಗೆ ಪತ್ರ ಪಡೆದು, ಹಳೆಯ ಅಳತೆಯಲ್ಲೇ 18 ಮೀಟರ್ ಹಳಿ ಹಾಸಿ ಅದರ ಮೇಲೊಂದು ತಳ್ಳುವ ಟ್ರಾಲಿ ಓಡಿಸುವುದೆಂದು ತೀರ್ಮಾನಿಸಿದ್ದೆವು. ಗಣಿಗಳಲ್ಲಿ ಬಳಸುವ, ಮೀಟರಿಗೆ ಸುಮಾರು 15 ಕೆಜಿ ತೂಗುವ ಹಗುರ ಹಳಿ ಮಾರುಕಟ್ಟೆಯಲ್ಲಿ ಹೊಸದಾಗಿಯೇ ಸಿಗುತ್ತದೆ. ಆರು ಮೀಟರಿನ ಆರು ತುಂಡುಗಳನ್ನು ಬಿಲ್ಲಿನ ಸಮೇತ ಕೊಂಡೆವು. ರಸೀದಿಯ ಬೆಲೆಯನ್ನು ಆ ಅಜ್ಜಿ ಕಲಿಸಿದ್ದರಲ್ಲ. ಒಟ್ಟು 540 ಕೆಜಿ ಕಬ್ಬಿಣವನ್ನು ಲಾರಿಯಿಂದ ಇಳಿಸಿದವರು ಊರಿನ ಹುಡುಗರು. 60 ಸೆಂಟಿಮೀಟರಿಗೊಂದರಂತೆ 31 ಮರದ ಸ್ಲೀಪರುಗಳನ್ನು, ಅಂದರೆ ಹಳಿಯ ಕೆಳಗಿನ ಅಡ್ಡತೊಲೆಗಳನ್ನು, ಊರಿನ ರೈತರೊಬ್ಬರು ತಮ್ಮ ತೋಪಿನ ನೀಲಗಿರಿಯಿಂದ ಕೊಯ್ಸಿಕೊಟ್ಟರು.

ಟ್ರಾಲಿಯ ಚಕ್ರಗಳನ್ನು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಮಾಡಿಸಿದೆವು. ಮೊದಲ ಸಲ ತಳ್ಳಿದಾಗ ಟ್ರಾಲಿ ಒಂದು ಮಾರು ಹೋಗಿ ಕಚ್ಚಿಕೊಂಡು ನಿಂತಿತು, ಮತ್ತೆ ಅಲುಗಲಿಲ್ಲ. ತಪ್ಪು ನನ್ನದು. ಎರಡೂ ಚಕ್ರಗಳ, ಹಳಿಯ ಒಳಬದಿಗೆ ಇಳಿದು ಚಕ್ರ ಜಾರದಂತೆ ಹಿಡಿಯುವ ಅಂಚುಪಟ್ಟಿಗಳ ಹೊರಮೈ ಅಂತರವನ್ನು ನಕ್ಷೆಯಲ್ಲಿ 762 ಎಂದೇ ಬರೆದಿದ್ದೆ. ಮೂವತ್ತು ವರ್ಷ ನಕ್ಷೆ ಬರೆದವನಿಗೆ, ಚಕ್ರಕ್ಕೂ ಹಳಿಗೂ ನಡುವೆ ಆಟ, ಅಂದರೆ ಸ್ವಲ್ಪ ಸಡಿಲ ಜಾಗ, ಇರಬೇಕೆಂಬುದು ಹೊಳೆಯದೆ ಹೋದದ್ದು ಇಂದಿಗೂ ನಾಚಿಕೆಯ ಸಂಗತಿ. ಅಂಚನ್ನು ಮತ್ತೆ ಕಡೆಸಿ 756ಕ್ಕೆ ಇಳಿಸಿದ ಮೇಲೆ ಟ್ರಾಲಿ ಸಲೀಸಾಗಿ ಓಡಿತು, ಮಕ್ಕಳೂ ಕುಳಿತರು.

ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಟ್ರಾಲಿ ಹಳಿ ತಪ್ಪಿ ಒಳಕ್ಕೆ ಬಿತ್ತು. ಪುಣ್ಯಕ್ಕೆ ಅದರ ಮೇಲೆ ಯಾರೂ ಇರಲಿಲ್ಲ. ಗೇಜ್ ಕೋಲು ಹಿಡಿದು ನೋಡಿದರೆ ಒಂದು ಕಡೆ ಅಂತರ 790 ದಾಟಿತ್ತು. ಹಸಿಮರದ ಸ್ಲೀಪರುಗಳು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದವು, ಹಳಿಯನ್ನು ಹಿಡಿದಿದ್ದ ದಪ್ಪ ಮೊಳೆಗಳು ಕೈಯಲ್ಲಿ ಎಳೆದರೆ ಬರುವಂತಿದ್ದವು. ಟಾಲಿಲಿನ್‌ನವರನ್ನೂ ಆರಂಭದಲ್ಲಿ ಕಾಡಿದ್ದು ಕೊಳೆತ ಸ್ಲೀಪರುಗಳ ಮೇಲೆ ಅಗಲವಾಗುತ್ತಿದ್ದ ಹಳಿಯೇ ಎಂಬುದು ಆಗ ನೆನಪಾಗಿ ಸ್ವಲ್ಪ ಸಮಾಧಾನವಾಯಿತು. ಸೀಳಿದ ಹನ್ನೊಂದು ಸ್ಲೀಪರುಗಳನ್ನು ಬದಲಿಸಿ, ಮೂರು ಮೀಟರಿಗೊಂದರಂತೆ ಎರಡೂ ತುದಿಗೆ ನಟ್ಟು ಬಿಗಿಯುವ ಕಬ್ಬಿಣದ ಸರಳನ್ನು ಹಳಿಯಿಂದ ಹಳಿಗೆ ಅಡ್ಡಲಾಗಿ ಹಾಕಿದೆವು. ಆಮೇಲೆ ಅಂತರ ಕದಲಿಲ್ಲ.

ಈ ದುರಸ್ತಿಯ ಉದ್ದಕ್ಕೂ ನಿಜವಾದ ಮೇಸ್ತ್ರಿಗಳಾಗಿದ್ದವರು ಆ ಹಿರಿಯರೇ. ಹಳಿಯ ತುದಿಗಳನ್ನು ನಾನು ಒಂದಕ್ಕೊಂದು ಒತ್ತಿ, ಅವನ್ನು ಕೂಡಿಸುವ ಪಟ್ಟಿಯಾದ ಫಿಷ್‌ಪ್ಲೇಟ್ ಬಿಗಿಸಿದ್ದನ್ನು ಕಂಡು, "ಬಿಸಿಲಿಗೆ ಹಳಿ ಬೆಳೆಯುತ್ತೆ ಸಾರ್, ಜಾಗ ಬಿಡಿ" ಎಂದು ಎಲ್ಲವನ್ನೂ ಬಿಚ್ಚಿಸಿ, ಎರಡು ನಾಣ್ಯ ಸೇರಿಸಿದಷ್ಟು ಸಂದು ಬಿಡಿಸಿದರು. ನಾವು ದಾರ ಕಟ್ಟಿ ನೋಡುತ್ತಿದ್ದ ನೇರವನ್ನು ಅವರು ಹಳಿಯ ತಲೆಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಹಾರೆ ಹಿಡಿದ ಹುಡುಗರಿಗೆ ಬೆರಳಲ್ಲೇ ಸನ್ನೆ ಮಾಡುತ್ತಿದ್ದರು. ಅವರ ಈ ಕೈಸನ್ನೆಗಳನ್ನು ನಾನು ಒಂದೊಂದಾಗಿ ಚಿತ್ರ ಬರೆದು ಇಟ್ಟುಕೊಂಡಿದ್ದೇನೆ. ನಾವು ಇಲ್ಲಿಯವರೆಗೆ ಕೂಡಿಸಿದ್ದರಲ್ಲೆಲ್ಲ ಬೆಲೆಬಾಳುವುದು ಅದೇ ಎಂದು ನನ್ನ ಎಣಿಕೆ.

ಕಳೆದ ತಿಂಗಳು ಶಾಲೆಯ ಮುಖ್ಯೋಪಾಧ್ಯಾಯರು ಊರಿನ ಹಿರಿಯರನ್ನೆಲ್ಲ ಕರೆದು, ಪೆನ್ಸಿಲಿನಲ್ಲಿ ಇಳಿಸಿದ ಹಾಳೆಗಳನ್ನು ತರಗತಿಯ ಗೋಡೆಗೆ ಹಾಕಿಸಿದರು. ರಸೀದಿಯ ಅಜ್ಜಿಯೂ ಬಂದಿದ್ದರು. ತಮ್ಮ ಕೊಟ್ಟಿಗೆಯ ಕಂಬದ ಹಾಳೆ ಯಾವುದೆಂದು ಮೊಮ್ಮಗಳಿಂದ ಓದಿಸಿಕೊಂಡು, ಟ್ರಾಲಿಯಲ್ಲಿ ಎರಡು ಸುತ್ತು ಹೋಗಿ ಬಂದರು. ಗ್ಯಾಂಗ್‌ಮ್ಯಾನ್ ಹಿರಿಯರು ಮಾತ್ರ ಹತ್ತಲಿಲ್ಲ. ಪಕ್ಕದಲ್ಲೇ ನಡೆಯುತ್ತಾ ಚಕ್ರದ ಸದ್ದು ಕೇಳಿ, ಎರಡನೆಯ ಜಾಯಿಂಟಿನ ಹತ್ತಿರ ನಿಂತು, "ಬಡಗಣ ಹಳಿ ಎರಡು ನೂಲು ತಗ್ಗಿದೆ" ಎಂದರು. ಎರಡು ನೂಲೆಂದರೆ ಕಾಲು ಇಂಚು. ಮಟ್ಟಗೋಲು ಇಟ್ಟು ನೋಡಿದೆ, ತಗ್ಗಿತ್ತು. ಮಳೆ ಹಿಡಿಯುವ ಮುನ್ನ ಅಲ್ಲಿ ಹಳಿಯನ್ನೆತ್ತಿ ಜಲ್ಲಿ ತುಂಬಬೇಕು. ಬರುವ ಭಾನುವಾರಕ್ಕೆ ಒಂದು ಟ್ರಾಕ್ಟರ್ ಜಲ್ಲಿ ಹೇಳಿಟ್ಟಿದ್ದೇವೆ.