ಜಮಾತಿನ ರಾಜಿಗೆ ಕೂರುವ ಮುನ್ನ

ಮೂಡಿಗೆರೆಯ ಹೆಣ್ಣನ್ನು ಸಕಲೇಶಪುರಕ್ಕೆ ಕೊಟ್ಟಿರುತ್ತಾರೆ. ಜಗಳವಾಗಿ ಆಕೆ ತವರಿಗೆ ಬಂದರೆ ಸುದ್ದಿ ಮೊದಲು ಹೋಗುವುದು ವಕೀಲರಿಗಲ್ಲ, ಮಸೀದಿಯ ಜಮಾತಿಗೆ, ಅಂದರೆ ಆ ಮಸೀದಿಗೆ ಸೇರಿದವರ ಕೂಟಕ್ಕೆ. ಅದು ತಪ್ಪಲ್ಲ. ಗಂಡನ ಕುಟುಂಬದಿಂದ ಒಬ್ಬರು, ಹೆಂಡತಿಯ ಕುಟುಂಬದಿಂದ ಒಬ್ಬರು ಮಧ್ಯಸ್ಥರಾಗಬೇಕೆಂದು ಕುರ್‌ಆನ್ (4:35) ಹೇಳುತ್ತದೆ. ಆದ್ದರಿಂದ ಗಂಡನ ಊರಿನ ಜಮಾತಿನಲ್ಲೇ ಮಾತುಕತೆ ನಡೆಯುವುದಾದರೂ ತವರಿನ ಕಡೆಯವರೊಬ್ಬರು ಕೂರಲೇಬೇಕೆಂದು ಕೇಳಿರಿ. ಹೆಣ್ಣುಮಗಳೂ ಅಲ್ಲೇ ಇರಲಿ. ಆಕೆಯನ್ನು ಒಳಮನೆಯಲ್ಲಿ ಕೂರಿಸಿ ಅಣ್ಣ, ಚಿಕ್ಕಪ್ಪಂದಿರು ಒಪ್ಪಿಕೊಂಡು ಬಂದ ರಾಜಿಗಳು ಬಾಳಿಕೆ ಬರುವುದು ಕಡಿಮೆ.

ಹೋಗುವ ಮುನ್ನ ನಿಕಾಹ್‌ನಾಮೆಯ (ಮದುವೆಯ ಕರಾರುಪತ್ರದ) ಪ್ರತಿಯನ್ನು ತೆಗೆದಿರಿಸಿಕೊಳ್ಳಿ. ಅದು ಕೈಯಲ್ಲಿಲ್ಲದಿದ್ದರೆ ನಿಕಾಹ್ ನಡೆದ ಮಸೀದಿಯ ದಫ್ತರದಲ್ಲಿ ಕೇಳಿರಿ. ಮೆಹರ್ (ಮದುವೆಗಾಗಿ ಗಂಡ ಹೆಂಡತಿಗೆ ಕೊಡಬೇಕಾದ ಹಣ ಅಥವಾ ವಸ್ತು) ಎಷ್ಟು, ಬಾಕಿ ಎಷ್ಟು, ತವರಿನಿಂದ ಕೊಟ್ಟ ಚಿನ್ನ ಯಾರ ಬಳಿ ಇದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಜಮಾತು ಬುದ್ಧಿ ಹೇಳಬಹುದು, ಒಪ್ಪಂದ ಮಾಡಿಸಬಹುದು, ತೀರ್ಪು ಕೊಡಲಾರದು. ಖಾಜಿಗೆ ನ್ಯಾಯಾಧೀಶರ ಅಧಿಕಾರವಿಲ್ಲವೆಂಬುದು 1880ರ ಖಾಜಿಗಳ ಕಾಯ್ದೆಯಲ್ಲೇ ಇದೆ. ಧರ್ಮಪಂಡಿತರ ಅಭಿಪ್ರಾಯವಾದ ಫತ್ವಾ ಯಾರನ್ನೂ ಕಾನೂನಿನಂತೆ ಕಟ್ಟಿಹಾಕದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಒಂದೇ ಉಸಿರಿಗೆ ಮೂರು ಬಾರಿ ತಲಾಖ್ ಹೇಳಿದ್ದರೆ, ಅದು ಫೋನಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ, 2019ರ ಕಾಯ್ದೆಯಂತೆ ಅಸಿಂಧು, ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಹಾಗಾಗಿ ‘ತಲಾಖ್ ಆಗಿಹೋಯಿತು, ಇನ್ನು ಇದ್ದತ್ (ವಿಚ್ಛೇದನದ ನಂತರ ಹೆಣ್ಣು ಕಾಯಬೇಕಾದ ಅವಧಿ) ಕೂರಲಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೆಚ್ಚಿನ ಎಚ್ಚರ ಬೇಕಾದದ್ದು ರಾಜಿಪತ್ರದಲ್ಲಿ. ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬಾರದೆಂಬುದು ಎಲ್ಲರಿಗೂ ಗೊತ್ತು. ಆದರೆ ‘ಇಬ್ಬರೂ ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸವಾಗಿದ್ದೇವೆ’ ಎಂಬ ಸಾಧು ವಾಕ್ಯದ ಅಪಾಯ ಬಹಳ ಜನರಿಗೆ ತಿಳಿಯದು. ಜೀವನಾಂಶದ ಕಾನೂನಿನಲ್ಲಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿ, ಹಾಗೆ ಒಪ್ಪಿ ಬೇರೆಯಿರುವ ಹೆಂಡತಿಗೆ ಜೀವನಾಂಶ ಸಿಗುವುದಿಲ್ಲ. ಬೇರೆಯಿರಲು ಕಾರಣವೇನೋ ಅದನ್ನೇ ಬರೆಸಿರಿ. ತಿಂಗಳ ಖರ್ಚಿನ ಮೊತ್ತ, ಕೊಡಬೇಕಾದ ತಾರೀಖು, ಮಕ್ಕಳು ಯಾರ ಬಳಿ ಎಂಬುದನ್ನು ಬಿಡಿಬಿಡಿಯಾಗಿ ನಮೂದಿಸಿ, ಎರಡೂ ಕಡೆಯ ಸಾಕ್ಷಿಗಳ ಸಹಿಯೊಂದಿಗೆ ಪ್ರತಿಯನ್ನು ಅಂದೇ ಪಡೆಯಿರಿ.

ಹೊಡೆತ ಬಡಿತವಿದ್ದರೆ ಜಮಾತಿನ ದಿನಕ್ಕಾಗಿ ಕಾಯಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿರಿ.

ಗಂಡ ಖುಲಾಕ್ಕೆ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನಕ್ಕೆ) ಒಪ್ಪದಿದ್ದರೂ ದಾರಿ ಮುಚ್ಚುವುದಿಲ್ಲ. ಎರಡು ವರ್ಷ ಖರ್ಚಿಗೆ ಕೊಡದಿರುವುದು, ನಾಲ್ಕು ವರ್ಷ ಪತ್ತೆಯಿಲ್ಲದಿರುವುದು, ಕ್ರೂರವಾಗಿ ನಡೆಸಿಕೊಳ್ಳುವುದು ಮುಂತಾದ ಕಾರಣಗಳಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಡಿ ಆಕೆಯೇ ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಜೀವನಾಂಶದ ಅರ್ಜಿಗೆ ಗಂಡನ ಜಿಲ್ಲೆಯಾದ ಹಾಸನಕ್ಕೆ ಓಡಾಡಬೇಕಿಲ್ಲ. ಆಕೆ ಈಗ ವಾಸಿಸುವ ಚಿಕ್ಕಮಗಳೂರು ಜಿಲ್ಲೆಯಲ್ಲೇ ಹಾಕಬಹುದು. ಮುಸ್ಲಿಂ ಹೆಣ್ಣಿಗೆ ಈ ಕಲಂ ಅನ್ವಯಿಸದೆಂಬ ಮಾತು ಇನ್ನೂ ಕೇಳಿಬರುತ್ತದೆ. ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ವಕೀಲರ ಶುಲ್ಕಕ್ಕೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ; ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ಜಮಾತಿನ ಮಾತುಕತೆ ನಿಲ್ಲಬೇಕಾಗಿಲ್ಲ. ಅಲ್ಲಿ ಕುದುರಿದ ರಾಜಿಯನ್ನು ನ್ಯಾಯಾಲಯದ ಮುಂದಿಟ್ಟು ಆದೇಶವಾಗಿ ಪಡೆದರೆ, ಹಣ ನಿಂತ ತಿಂಗಳು ಮತ್ತೆ ಮಸೀದಿಯ ಮೆಟ್ಟಿಲು ಹತ್ತುವ ಬದಲು ನೇರವಾಗಿ ವಸೂಲಿಗೆ ಅರ್ಜಿ ಕೊಡಬಹುದು.