ಹೆಣ ಕೊಯ್ಯುವ ಮೇಷ್ಟ್ರು

ನಮ್ಮೂರಲ್ಲಿ ನನ್ನನ್ನು ಹೆಣ ಕೊಯ್ಯುವ ಮೇಷ್ಟ್ರು ಅಂತಲೇ ಗುರುತಿಸುತ್ತಾರೆ. ಬೇಜಾರಿಲ್ಲ. ಡಾಕ್ಟರ್ ಅಂದರೆ ಚೀಟಿ ಬರೆಯಬೇಕು, ಸೂಜಿ ಚುಚ್ಚಬೇಕು. ನಾನು ಅವೆರಡನ್ನೂ ಬಿಟ್ಟು ಬಹಳ ವರ್ಷವಾಯಿತು. ಅನಾಟಮಿ, ಅಂದರೆ ದೇಹರಚನೆಯ ಪಾಠ ಕಲಿಸುತ್ತೇನೆ. ಈ ಭಾಗದಲ್ಲಿ ಹೊಸ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದಾಗ, ಖಾಲಿ ಹಾಲ್‌ನಲ್ಲಿ ವಿಭಾಗ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆವು ಅನ್ನುವುದನ್ನು ಬರೆಯುತ್ತೇನೆ.

ಮೊದಲು ಬಳ್ಳಾರಿಯ ಮಾತು. ನಾನು ಅಲ್ಲಿ ಎಂಬಿಬಿಎಸ್‌ಗೆ ಸೇರಿದ್ದು 1986ರಲ್ಲಿ. ಕಾಲೇಜಿಗೆ ಆಗಲೇ ಇಪ್ಪತ್ತೈದು ವರ್ಷ. ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ. ಅದಕ್ಕೂ ಮೊದಲು ರಾಜ್ಯದಲ್ಲಿ ಸರ್ಕಾರಿ ಕಾಲೇಜು ಅಂತ ಇದ್ದದ್ದು ಮೈಸೂರು, ಬೆಂಗಳೂರು, ಹುಬ್ಬಳ್ಳಿಯಲ್ಲಿ ಮಾತ್ರ. ನಮ್ಮದು ಹಳೇ ಅಲ್ಲೀಪುರ ಜೈಲಿನ ಜಾಗ ಅಂತ ಹಿರಿಯರು ಹೇಳುತ್ತಿದ್ದರು. ‘ಇಲ್ಲಿ ಯಾರೇ ಬಂದರೂ ಐದೂವರೆ ವರ್ಷ ಶಿಕ್ಷೆ’ ಅನ್ನುವುದು ಹಾಸ್ಟೆಲಿನ ಹಳೇ ಜೋಕು. ಮೊದಲ ಬ್ಯಾಚಿನವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಿಗ್ರಿ, ನಮಗೆ ಗುಲ್ಬರ್ಗಾದ್ದು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಆಯಿತು, ಆಮೇಲಿನವರದ್ದು ಅಲ್ಲಿಯದು. ಕಾಲೇಜಿನ ಹೆಸರೂ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಚಿಕ್ಕದಾಗಿ ವಿಮ್ಸ್ ಆಯಿತು. ಹಳ್ಳಿಯಿಂದ ಬರುವವರಿಗೆ ಮಾತ್ರ ಅದು ಯಾವತ್ತಿಗೂ ದೊಡ್ಡಾಸ್ಪತ್ರೆ.

ಆಗ ಅನಾಟಮಿಗೆ ಒಂದೂವರೆ ವರ್ಷ ಸಿಗುತ್ತಿತ್ತು. 1997ರ ನಿಯಮ ಬಂದ ಮೇಲೆ ಅದು ಒಂದೇ ವರ್ಷಕ್ಕೆ ಇಳಿಯಿತು. ಇದು ತಪ್ಪು ಅಂತ ನಾನು ಈಗಲೂ ಹೇಳುತ್ತೇನೆ. ಕೈ ಪಳಗುವಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತದೆ. ನಾವು ಸೀನಿಯರ್‌ಗಳಿಂದ ಮೂಳೆ ಸೆಟ್ ಕೊಂಡು ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಒಮ್ಮೆ ರಜೆಗೆ ಅದನ್ನು ಊರಿಗೆ ಒಯ್ದೆ. ಅವ್ವ ಟ್ರಂಕನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ದನದ ಕೊಟ್ಟಿಗೆಯಲ್ಲಿ ಕೂತು ಓದಿದೆ.

ದೇಹ ಕೆಡದಂತೆ ಇಡುವ ಕೆಲಸವನ್ನು ನನಗೆ ಕಲಿಸಿದವರು ಪ್ರೊಫೆಸರ್ ಅಲ್ಲ, ಹಾಲ್‌ನ ಅಟೆಂಡರ್. ತೊಡೆಯ ಸಂದಿಯಲ್ಲಿ ಎಲ್ಲಿ ಕೊಯ್ದರೆ ದೊಡ್ಡ ರಕ್ತನಾಳ ಸಿಗುತ್ತದೆ, ಬಾಟಲಿಯನ್ನು ಎಷ್ಟು ಎತ್ತರಕ್ಕೆ ತೂಗಬೇಕು, ಎಲ್ಲ ಅವರ ಕೈಯಲ್ಲಿತ್ತು. ಫಾರ್ಮಲಿನ್, ಗ್ಲಿಸರಿನ್, ಫೀನಾಲ್, ಸ್ಪಿರಿಟ್, ನೀರು ಬೆರೆಸಿದ ದ್ರಾವಣ ಒಂದು ದೇಹಕ್ಕೆ ಹತ್ತು ಲೀಟರ್ ಹತ್ತಿರ ಹಿಡಿಯುತ್ತದೆ. ಅದು ತಾನಾಗಿ ಇಳಿಯಬೇಕು, ಒತ್ತಡ ಹಾಕಿ ನೂಕಬಾರದು. ಗಂಟೆಗಟ್ಟಲೆ ಕಾಯಬೇಕು. ‘ಬೆರಳ ತುದಿ ಮುಟ್ಟಿ ನೋಡ್ರಿ ಸರ, ಅದು ಗಟ್ಟಿ ಆತು ಅಂದ್ರ ಮುಗೀತು’ ಅನ್ನುತ್ತಿದ್ದರು. ನಾನು ಇವತ್ತಿಗೂ ಬೆರಳ ತುದಿಯನ್ನೇ ನೋಡುವುದು.

ಬಳ್ಳಾರಿಯ ನಂತರ ಈ ಸೀಮೆಗೆ ಇನ್ನೊಂದು ಸರ್ಕಾರಿ ಮೆಡಿಕಲ್ ಕಾಲೇಜು ಬರಲು ನಲವತ್ತಾರು ವರ್ಷ ಬೇಕಾಯಿತು. 2007ರಲ್ಲಿ ರಾಯಚೂರಿನ ರಿಮ್ಸ್, 2015ರಲ್ಲಿ ಕೊಪ್ಪಳದ್ದು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೇ 1997ರಲ್ಲಿ. ಅಲ್ಲಿಯವರು ಜೋರು ಕಾಯಿಲೆ ಬಂದರೆ ಹುಬ್ಬಳ್ಳಿಯ ಕಿಮ್ಸಿಗೆ ಓಡುತ್ತಿದ್ದರು. ಆಮೇಲೆ ಕೊಪ್ಪಳದ್ದೂ ಕಿಮ್ಸ್ ಆಯಿತು! ‘ಯಾವ ಕಿಮ್ಸ್ ರೀ?’ ಅಂತ ಆಟೋದವರು ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಹೊಸ ಕಾಲೇಜು ಅಂದರೆ ಜನ ಕಟ್ಟಡ ನೋಡುತ್ತಾರೆ. ಕಾಲೇಜು ಬೆಳೆಯುವುದು ಬೇರೆ ರೀತಿ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಇದ್ದರೆ ಕ್ಲಾಸು ಶುರು ಮಾಡಬಹುದು. ಮಕ್ಕಳು ಪಾಸಾಗಿ ಮುಂದೆ ಹೋದ ಹಾಗೆ ಪೆಥಾಲಜಿ, ಫಾರ್ಮಕಾಲಜಿ, ಆಮೇಲೆ ಮೆಡಿಸಿನ್, ಸರ್ಜರಿ. ಬಂಡಿ ಹೊರಟ ಮೇಲೆ ಅದರ ಮುಂದೆ ದಾರಿ ಮಾಡುತ್ತಾ ಹೋದ ಹಾಗೆ. ಆಗ ಪ್ರತಿ ವರ್ಷ ಮೆಡಿಕಲ್ ಕೌನ್ಸಿಲ್‌ನವರು ಬಂದು ನೋಡಿ ಮುಂದಿನ ವರ್ಷಕ್ಕೆ ಅನುಮತಿ ಕೊಡಬೇಕಿತ್ತು. ಮೊದಲ ಬ್ಯಾಚು ಫೈನಲ್ ಪರೀಕ್ಷೆ ಬರೆಯುವವರೆಗೂ ಇದೇ ಪಾಡು. ಬೆಳಿಗ್ಗೆ ಬರುತ್ತಿದ್ದರು, ಮೇಷ್ಟ್ರುಗಳ ತಲೆ ಎಣಿಸುತ್ತಿದ್ದರು, ಹಾಲ್ ಅಳೆಯುತ್ತಿದ್ದರು, ಆಮೇಲೆ ನನ್ನ ಟ್ಯಾಂಕಿನ ಮುಚ್ಚಳ ತೆಗೆಸಿ ದೇಹ ಎಣಿಸುತ್ತಿದ್ದರು.

ಆ ಎಣಿಕೆಯೇ ನನ್ನ ತಲೆನೋವು. ಹತ್ತು ಹದಿನೈದು ಮಕ್ಕಳಿಗೆ ಒಂದು ದೇಹ ಬೇಕು. ಟೇಬಲ್, ಟ್ಯಾಂಕು, ಎಕ್ಸಾಸ್ಟ್ ಫ್ಯಾನು, ಮೈಕ್ರೋಸ್ಕೋಪು ದುಡ್ಡಿಗೆ ಬರುತ್ತವೆ. ದೇಹ ಬರುವುದಿಲ್ಲ. 1957ರ ಅನಾಟಮಿ ಕಾಯ್ದೆಯಂತೆ ಆಸ್ಪತ್ರೆಯಲ್ಲಿ ತೀರಿಕೊಂಡು ವಾರಸುದಾರರು ಸಿಗದವರ ದೇಹವನ್ನು ಕಾಲೇಜಿಗೆ ಕೊಡಬಹುದು. ಹೇಳುವುದಕ್ಕೆ ಸುಲಭ. ಪೋಸ್ಟ್‌ಮಾರ್ಟಂ ಆದ ದೇಹ ನಮಗೆ ಬರುವುದಿಲ್ಲ, ರಕ್ತನಾಳ ಕತ್ತರಿಸಿರುತ್ತಾರೆ, ದ್ರಾವಣ ನಿಲ್ಲುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಇದ್ದವರದ್ದೂ ಆಗುವುದಿಲ್ಲ. ಪೊಲೀಸರ ಕಾಗದ ಆಗಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು, ಕಾಗದ ಆಗುವವರೆಗೆ ದೇಹ ಕಾಯುವುದಿಲ್ಲ.

ಅದಕ್ಕೇ ಮೊದಲ ದೇಹಗಳನ್ನು ಹಳೇ ಕಾಲೇಜೊಂದರಿಂದ ಸಾಲ ತಂದ ಹಾಗೆ ತಂದೆವು. ಅನುಮತಿ ಪತ್ರ ಜೇಬಿನಲ್ಲಿಟ್ಟುಕೊಂಡು ಆಂಬುಲೆನ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಬಂದೆ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸೋಣ ಅಂದೆ. ಡ್ರೈವರ್ ಒಪ್ಪಲಿಲ್ಲ.

ನಮ್ಮಲ್ಲೇ ಮಾಡಿದ ಮೊದಲ ದೇಹವನ್ನು ನಾನು ಕೆಡಿಸಿದೆ. ಬೋರ್‌ವೆಲ್ ನೀರಿನಲ್ಲಿ ದ್ರಾವಣ ಕಲಸಿದ್ದೆ. ಇಲ್ಲಿನ ನೀರು ಗಡಸು, ಕೊಡದ ಒಳಗೆಲ್ಲ ಬಿಳಿ ಕಟ್ಟುತ್ತದೆ, ಗೊತ್ತಿದ್ದೂ ಯೋಚನೆ ಮಾಡಲಿಲ್ಲ. ದ್ರಾವಣ ಮಬ್ಬಾಗಿ ತಳದಲ್ಲಿ ಗಸಿ ನಿಂತಿತು. ಅರ್ಧ ದಾರಿಯಲ್ಲೇ ಇಳಿಯುವುದು ನಿಂತುಹೋಯಿತು. ಒಂದು ಕಾಲಿಗೆ ತಲುಪಲೇ ಇಲ್ಲ. ಅವತ್ತಿನಿಂದ ಶುದ್ಧೀಕರಿಸಿದ ನೀರೇ ಬಳಸುತ್ತೇವೆ. ಹೊಸದಾಗಿ ವಿಭಾಗ ಕಟ್ಟುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. ವಾರ್ಡಿನಲ್ಲಿ ಒಬ್ಬ ನಡುವಯಸ್ಸಿನವನು ತೀರಿಕೊಂಡಿದ್ದ. ಯಾರೂ ಬರಲಿಲ್ಲ. ಕಾಗದ ಎಲ್ಲ ಆಗಿ ನಮ್ಮ ಟ್ಯಾಂಕಿಗೆ ಬಂದ. ಕೆಲವು ವಾರದ ಮೇಲೆ ಅವನ ತಮ್ಮ ಬಂದ. ಅಣ್ಣ ಕಾಲುವೆ ಸೀಮೆಗೆ ಭತ್ತದ ಕೆಲಸಕ್ಕೆ ಬಂದವನು, ಫೋನು ಹತ್ತುತ್ತಿರಲಿಲ್ಲವಂತೆ, ಊರೂರು ಹುಡುಕಿಕೊಂಡು ಬಂದಿದ್ದ. ಇನ್ನೂ ಬ್ಲೇಡು ಮುಟ್ಟಿಸಿರಲಿಲ್ಲ, ಪುಣ್ಯ. ಆ ತಮ್ಮ ಬೈಯಲಿಲ್ಲ, ಅಳಲಿಲ್ಲ. ‘ಕೆಟ್ಟಿಲ್ಲಲ್ರೀ, ಮಲಗಿದ್ಹಂಗ ಅದಾನ’ ಅಂದ. ದೇಹ ಕೊಟ್ಟು ಕಳಿಸಿದೆವು. ಒಂದು ಟೇಬಲ್ ಖಾಲಿಯಾಯಿತು.

ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ವಾರಸುದಾರರಿಲ್ಲ ಅಂದರೆ ಬಹಳ ಸಲ ವಾರಸುದಾರರಿಗೆ ಸುದ್ದಿ ಇಲ್ಲ ಅಂತ ಅಷ್ಟೇ, ಅಲ್ವಾ? ಆಮೇಲೆ ನಾನು ದೇಹದಾನದ ಹಿಂದೆ ಬಿದ್ದೆ. ಸಂಘಗಳಿಗೆ, ನಿವೃತ್ತ ನೌಕರರ ಸಭೆಗಳಿಗೆ ಹೋಗಿ ಮಾತಾಡಿದೆ. ನಮ್ಮ ಕಡೆ ಲಿಂಗಾಯತರಲ್ಲಿ ದೇಹವನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ‘ಕೂಡಿಸೋ ದೇಹಾನ ನೀವು ಮಲಗಿಸಿ ಕೊಯ್ತೀರಿ’ ಅಂತ ಒಬ್ಬ ಹಿರಿಯರು ಮುಖಕ್ಕೇ ಹೇಳಿದರು. ಉತ್ತರ ಹೊಳೆಯಲಿಲ್ಲ. ಇನ್ನೊಂದು ಕಡೆ ಒಬ್ಬ ನಿವೃತ್ತ ಶಾಲಾ ಮಾಸ್ತರರು ಭಾಷಣದ ನಡುವೆಯೇ ಎದ್ದು ಫಾರ್ಮ್ ಕೇಳಿದರು. ಎರಡು ವರ್ಷದ ಮೇಲೆ ಅವರೇ ಬಂದರು. ಅವರ ಹೆಂಡತಿ ಕೇಳಿದ್ದು ಒಂದೇ: ‘ಹುಡುಗರು ನಗಾಡಂಗಿಲ್ಲಲ್ರೀ?’ ಇಲ್ಲ ತಾಯಿ ಅಂದೆ. ಮರುದಿನ ಮಕ್ಕಳಿಗೆ ಆ ಮಾತನ್ನು ಹಾಗೇ ಹೇಳಿದೆ. 2019ರ ಹೊಸ ಪಠ್ಯಕ್ರಮ ಬಂದ ಮೇಲೆ ದೇಹದ ಮುಂದೆ ಪ್ರತಿಜ್ಞೆ ಮಾಡಿಸುವ ಪದ್ಧತಿ ಬಂದಿದೆ. ಒಳ್ಳೆಯದೇ. ನನ್ನ ಪ್ರತಿಜ್ಞೆ ಮಾತ್ರ ಆ ಅಮ್ಮನ ಪ್ರಶ್ನೆಯೇ.

ಕ್ಲಾಸಿನ ಮಾತೂ ಬದಲಾಗಿದೆ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ನೂರು ಸೀಟಿಗೆ ಎಪ್ಪತ್ತು ಇಲ್ಲಿನ ಮಕ್ಕಳಿಗೇ. ಮಾನ್ವಿ, ಕುಷ್ಟಗಿ, ಸಿರುಗುಪ್ಪದ ಕಡೆಯ ಮಕ್ಕಳು ಟೇಬಲ್ ಸುತ್ತ ನಿಲ್ಲುತ್ತಾರೆ. ಇಂಗ್ಲಿಷ್ ಹೆಸರು ತಲೆಗೆ ಹೋಗದಿದ್ದರೆ ನಾನು ಮೀನಖಂಡ, ಮಣಿಕಟ್ಟು, ಹಿಮ್ಮಡಿ ಅಂತ ಶುರು ಮಾಡಿ ಆಮೇಲೆ ಲ್ಯಾಟಿನ್‌ಗೆ ಹೋಗುತ್ತೇನೆ. ‘ಮೀನಿನ ಹೊಟ್ಟೆ ಹಂಗ ಐತಲ್ರೀ ಸರ’ ಅಂತ ಒಬ್ಬಳು ಕಾಲಿನ ಸ್ನಾಯು ಎತ್ತಿ ಹಿಡಿದು ಹೇಳಿದ್ದಳು. ಆ ಹೆಸರು ಯಾಕೆ ಬಂತು ಅಂತ ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಆಸ್ಪತ್ರೆಗೆ ಇದರಿಂದ ಏನು ಲಾಭ ಅಂತ ಕೇಳುವವರಿದ್ದಾರೆ. ಮೊದಲ ನಾಲ್ಕೂವರೆ ವರ್ಷ ಜಾಸ್ತಿ ಏನೂ ಕಾಣುವುದಿಲ್ಲ, ನಿಜ. ಬೋರ್ಡು ಬದಲಾಗುತ್ತದೆ, ಜಿಲ್ಲಾಸ್ಪತ್ರೆ ಕಾಲೇಜಿನ ಆಸ್ಪತ್ರೆ ಆಗುತ್ತದೆ. ಮೊದಲ ಬ್ಯಾಚು ಹೌಸ್ ಸರ್ಜನ್ ಆಗಿ ಇಳಿದ ತಿಂಗಳು ವ್ಯತ್ಯಾಸ ಗೊತ್ತಾಯಿತು. ರಾತ್ರಿ ಎರಡು ಗಂಟೆಗೆ ಹಾವು ಕಚ್ಚಿದವರು ಬಂದರೂ ಕ್ಯಾಶುಯಲ್ಟಿಯಲ್ಲಿ ಬಿಳಿ ಕೋಟಿನವರು ನಾಲ್ಕು ಜನ ಎದ್ದು ಓಡಿಬರುತ್ತಿದ್ದರು. ನಾನು ಸುಮ್ನೆ ನೋಡಲು ಹೋಗಿದ್ದೆ. ಒಬ್ಬ ಹುಡುಗ ನನ್ನನ್ನು ನೋಡಿ ಗಾಬರಿಯಾಗಿ ಮೊಣಕೈ ಮುಂದಿನ ರಕ್ತನಾಳದ ಹೆಸರನ್ನು ಗಟ್ಟಿಯಾಗಿ ಹೇಳಿಯೇ ಸೂಜಿ ಚುಚ್ಚಿದ.

ಹೋದ ವರ್ಷ ನಾನೂ ದೇಹದಾನದ ಫಾರ್ಮ್ ತುಂಬಿದೆ. ಮನೆಯವರ ಸಹಿ ಬೇಕು. ‘ನಿಮ್ಮ ಶಿಷ್ಯರೇ ನಿಮ್ಮನ್ನ ಕೊಯ್ಯೋದಾ?’ ಅಂದಳು ಹೆಂಡತಿ. ಆಗುವಾಗ ಅವರೆಲ್ಲ ಹಳಬರಾಗಿರುತ್ತಾರೆ, ಹೊಸ ಹುಡುಗರು ಇರುತ್ತಾರೆ ಅಂದೆ. ಆ ಮಾತು ಹೇಳಬಾರದಿತ್ತೇನೋ. ಫಾರ್ಮ್ ಇನ್ನೂ ಫ್ರಿಜ್ ಮೇಲೇ ಇದೆ.