ದೊಡ್ಡ ಹುಂಜ ಮಾರಲಿಲ್ಲ, ಜವಾರಿ ತಳಿ ಉಳಿಯಿತು

ನಮ್ಮ ಕುಷ್ಟಗಿ ಕಡೆ ಬೀಗರು ಬಂದರೆ ಮೊದಲು ಹಿಡಿಯುವುದು ಮನೆಯ ದೊಡ್ಡ ಹುಂಜವನ್ನೇ. ಜಾತ್ರೆಗೂ ಅದೇ, ಸಂತೆಗೂ ಅದೇ. ಹ್ಯಾಟೆಗಳ (ಹೆಣ್ಣು ಕೋಳಿಗಳ) ಜೊತೆ ಉಳಿಯುವುದು ಸಣಕಲು ಹುಂಜ. ಜವಾರಿ (ನಾಟಿ) ಕೋಳಿ ವರ್ಷ ವರ್ಷ ಸಣ್ಣದಾಗಿದ್ದು ಹೀಗೆ. ಇದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ಮೊದಲು ಗಿರಿರಾಜ ಎಂಬ ಸುಧಾರಿತ ತಳಿಯ ಹುಂಜ ತಂದು ಬಿಟ್ಟೆ. ಮರಿ ದಪ್ಪಗಾದವು, ನಿಜ. ಆದರೆ ಆ ಮರಿಗಳು ಬೆಳೆದು ಹ್ಯಾಟೆಗಳಾದಾಗ ಕಾವಿಗೆ ಕೂರಲಿಲ್ಲ. ಹದ್ದು ಬಂದರೆ ಓಡಲೂ ಆಗಲಿಲ್ಲ. ಸುಮಾರು 9 ಸಾವಿರ ಹೋಯಿತು. ಮರುವರ್ಷ ಕೊಕ್ಕರೆ ರೋಗ (ರಾಣಿಖೇತ್) ಬಂದು 40ರಲ್ಲಿ 7 ಉಳಿದವು. ಲಸಿಕೆ ಹಾಕಿದ್ದೆ. ಆದರೆ ಬಿಸಿಲಲ್ಲಿ ಬೈಕಿನ ಚೀಲದಲ್ಲಿ ತಂದಿದ್ದೆ, ಕೆಲಸಕ್ಕೆ ಬರಲಿಲ್ಲ. ಈಗ ಐಸ್ ತುಂಬಿದ ಥರ್ಮಾಸ್‌ನಲ್ಲೇ ತರುತ್ತೇನೆ. ಮರಿಗೆ ಏಳನೇ ದಿನ ಲಸೋಟಾ ಹನಿ, ಎಂಟನೇ ವಾರ ಆರ್‌2ಬಿ ಇಂಜೆಕ್ಷನ್, ಎರಡೂ ಇದೇ ರೋಗದ ಲಸಿಕೆ. ಒಂದನ್ನೂ ತಪ್ಪಿಸುವುದಿಲ್ಲ.

ಉಳಿದ 7 ಕೋಳಿಗೆ ಯಲಬುರ್ಗಾ ಕಡೆಯಿಂದ 900 ರೂಪಾಯಿ ಕೊಟ್ಟು ಬೋಳುಕುತ್ತಿಗೆ ಹುಂಜ ತಂದೆ. ಕುತ್ತಿಗೆಗೆ ಪುಕ್ಕ ಇಲ್ಲದ್ದು ನಮ್ಮ ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ. "ಒಂದು ಹುಂಜಕ್ಕೆ ಒಂಬೈನೂರಾ? ತಲೆ ಕೆಟ್ಟೈತೇನು?" ಅಂದರು ಪಕ್ಕದ ಹೊಲದ ಕಾಕಾ. ಅವತ್ತಿಂದ ನನ್ನದು ಒಂದೇ ಹಟ: ಚೆನ್ನಾಗಿರುವ ಎರಡು ಹುಂಜ ಯಾರು ಕೇಳಿದರೂ ಕೊಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ದೂರದ ಊರಿನವರ ಜೊತೆ ಹುಂಜ ಅದಲುಬದಲು. ಇಲ್ಲದಿದ್ದರೆ ಹುಂಜ ತನ್ನ ಮಗಳನ್ನೇ ಕೂಡುತ್ತದೆ, ಮರಿ ಬಲವಿಲ್ಲದೆ ಹೆಚ್ಚು ಸಾಯುತ್ತವೆ. ಹೊಸ ಹುಂಜವನ್ನು ಜಗಳವಿಲ್ಲದೆ ಹಿಂಡಿಗೆ ಸೇರಿಸುವ ಉಪಾಯ ಮಾತ್ರ ಬರೆಯಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ.

ಮೊಟ್ಟೆಯ ಪಾಠ ಬೇರೆ. ಏಪ್ರಿಲ್‌ನಲ್ಲಿ 12 ಇಟ್ಟರೆ 3 ಮರಿ. ಕಾವಿಗೆ ಇಡುವ ಮೊದಲೇ ಸೆಕೆಗೆ ಒಳಗೆ ಕೆಟ್ಟಿರುತ್ತವೆ. ಒದ್ದೆ ಮರಳಿನ ಮೇಲೆ ಮಡಕೆ ಇಟ್ಟು ಅದರಲ್ಲಿ ಕೂಡಿಟ್ಟೆ, ಆಗ 8-9 ಬಂದವು. ಡಿಸೆಂಬರ್ ಮರಿಗೆ ಚಳಿಗಾಳಿ ಕಾಟ, ಗೂಡಿಗೆ ಗೋಣಿಚೀಲ ಕಟ್ಟಿದರೆ ಸಾಕು. ಸಗಣಿ, ಹುಲ್ಲು ತುಂಬಿದ ಮಡಕೆ ಬೋರಲು ಹಾಕಿ ಗೆದ್ದಲು ಹಿಡಿದು ಮರಿಗೆ ಹಾಕಿದೆ. ಎಷ್ಟು ಬೇಗ ಬೆಳೆದವು ಅಂತೀರಿ!

ಈಗ 60ರ ಮೇಲೆ ಕೋಳಿ ಇವೆ. ಹೋದ ವರ್ಷ ಮೇವು, ಔಷಧಿ ಕಳೆದು 30 ಸಾವಿರದ ಹತ್ತಿರ ಉಳಿಯಿತು. ಮೊನ್ನೆ ಅದೇ ಕಾಕಾ ಕಾವಿಗೆ ಮೊಟ್ಟೆ ಕೇಳಿ ಬಂದರು. 11 ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಹುಟ್ಟಿದ ದೊಡ್ಡ ಹುಂಜವನ್ನು ಒಂದು ವರ್ಷ ಮಾರಬಾರದು ಅಂತ ಮಾತು ಮಾತ್ರ ತೆಗೆದುಕೊಂಡೆ.